ಕೈಗಳಿಗೆ ತರಬೇತಿ

“ಕೈ ಆಡ್ಸಿ! ಮಾತಿನ ಜೊತೆ ಕೈಯೂ ಆಡ್ಬೇಕು,” ಎಂದರು ತರಬೇತಿಯ ಮೇಡಂ. ಬೋರ್ಡಿನ ಮುಂದೆ ನಿಂತಿದ್ದ ಸಿಗ್ನಲ್ ಮೇಸ್ತ್ರಿ ಬೆನ್ನ ಹಿಂದಿನ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಕ್ರೇನಿನ ಕೆಳಗೆ ನಿಂತು, ಮೇಲೆ ಕೂತ ಡ್ರೈವರಿಗೆ ಕೈಸನ್ನೆ ಮಾಡುವುದೇ ಅವನ ಕೆಲಸ. ಬೆರಳು ಸುತ್ತಿದರೆ ಕಬ್ಬಿಣ ಮೇಲೇರಬೇಕು. ತೋಳೆರಡೂ ಅಗಲಿಸಿದರೆ ಇದ್ದಲ್ಲೇ ನಿಲ್ಲಬೇಕು. ಈಗ ಮಂಡಿ ಸವೆದಿದೆ, ದಿನವಿಡೀ ಯಾರ್ಡಿನಲ್ಲಿ ನಿಲ್ಲಲಾಗದು. ಹೊಸಬರಿಗೆ ಪಾಠ ಹೇಳುವ ಕೆಲಸ ಸಿಕ್ಕರೆ ಉಂಟು, ಇಲ್ಲದಿದ್ದರೆ ಮನೆಯೇ ಗತಿ. ಆ ಕೆಲಸಕ್ಕೆ, ನಾಲ್ಕು ಜನರೆದುರು ಮಾತಾಡಲು ಕಲಿಸುವ ಈ ತರಬೇತಿ ಪಾಸಾಗಬೇಕು.

“ಅರ್ಥ ಇಲ್ದೆ ಕೈ ಹೆಂಗ್ ಆಡ್ಸೋದು, ಮೇಡಂ?”

“ಅರ್ಥ ಯಾಕ್ರೀ? ಕೇಳೋರಿಗೆ ನಿದ್ದೆ ಬರಬಾರ್ದು, ಅಷ್ಟೇ. ತೋಳು ಅಗಲಿಸಿ, ‘ಎಲ್ಲರಿಗೂ ಸ್ವಾಗತ’ ಅನ್ನಿ.”

ಅವನು ಅಳುಕುತ್ತ ತೋಳು ಅಗಲಿಸಿ ಸ್ವಾಗತ ಅಂದ. ಕೇಳುಗರು ಬೇಕೆಂದು ಕರೆತಂದವರಲ್ಲಿ ಅವನ ಹೆಂಡತಿಯ ತಮ್ಮನೂ ಇದ್ದ. ಕ್ರೇನ್ ನಡೆಸುವವನು ಅವನೇ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನು ಭಾವನ ತೋಳು ಕಂಡದ್ದೇ ತಡ, ತೊಡೆಯ ಪಕ್ಕ, ಅಲ್ಲಿಲ್ಲದ ಕ್ರೇನಿನ ಲಿವರನ್ನು ಸರಕ್ಕನೆ ಎಳೆದ. ಮೇಸ್ತ್ರಿಯ ಬಾಯಿ ಬನ್ನಿ ಅನ್ನುತ್ತಿದೆ, ತೋಳು ನಿಲ್ಲು ಅನ್ನುತ್ತಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾವುದರ ಮಾತು ಕೇಳಬೇಕೆಂದು ಅವನಿಗೇ ತಿಳಿಯಲಿಲ್ಲ.

ಆದರೂ ಕಲಿತ. ಹೊಟ್ಟೆಪಾಡು ಏನನ್ನು ತಾನೇ ಕಲಿಸುವುದಿಲ್ಲ! ಮನೆಯ ಕನ್ನಡಿಯ ಮುಂದೆ ಕೈ ಬೀಸಿ ಬೀಸಿ ಮಾತಾಡಿದ. “ಏನ್ರೀ, ನೊಣ ಓಡಿಸ್ತಿದೀರಾ?” ಎಂದು ಹೆಂಡತಿ ನಕ್ಕಳು. ಕೊನೆಯ ದಿನ ಅವನ ಭಾಷಣಕ್ಕೆ ಚಪ್ಪಾಳೆ ಬಿತ್ತು, ಕೆಲಸವೂ ಸಿಕ್ಕಿತು. ಸುಳ್ಳೇಕೆ, ಅವನಿಗೆ ಹಿಗ್ಗೋ ಹಿಗ್ಗು.

ಮರುದಿನ ಬೆಳಿಗ್ಗೆ ಯಾರ್ಡಿನಲ್ಲಿ ಮೊದಲ ಪಾಠ. ಹೊಸಬರು ಸಾಲಾಗಿ ನಿಂತಿದ್ದರು, ಮೇಲೆ ಕ್ರೇನಿನಲ್ಲಿ ಭಾವಮೈದ ಕೂತಿದ್ದ. ಸನ್ನೆ ಹೇಗೆಂದು ತೋರಿಸಲು ಮೇಸ್ತ್ರಿ ಬೆರಳು ಸುತ್ತಿದ. ಆಚೆ ಕಬ್ಬಿಣದ ತೊಲೆಯೊಂದು ನೆಲ ಬಿಟ್ಟು ಏರತೊಡಗಿತು. ಅದು ಏರುತ್ತಿರುವಾಗಲೇ ಅವನು ಹೊಸಬರತ್ತ ತಿರುಗಿ, ಕಲಿತಂತೆಯೇ ತೋಳು ಅಗಲಿಸಿ, ನಗುತ್ತ ಅಂದ: “ಎಲ್ಲರಿಗೂ ಸ್ವಾಗತ!”

ತೊಲೆ ಗಕ್ಕನೆ ನಿಂತು ತೂಗಾಡಿತು.

ಭಾವಮೈದ ಮೇಲಿನಿಂದ ತಲೆ ಹೊರಹಾಕಿ ಕೂಗಿದ. “ಭಾವಾ, ಯಾಕ್ ನಿಲ್ಲಿಸ್ದ್ರಿ? ಏನಾಯ್ತು?”

“ನಿಲ್ಲಿಸ್ಲಿಲ್ಲ ಕಣೋ! ಮಾತಾಡ್ತಿದೀನಿ!”

“ಹಂಗಾದ್ರೆ ಎತ್ಲಾ?”

ಮೇಸ್ತ್ರಿ ತನ್ನ ತೋಳುಗಳನ್ನೇ ನೋಡಿಕೊಂಡ. ತೋಳು ಇಳಿಸೋಣವೆಂದರೆ, ಅದನ್ನೂ ಸನ್ನೆಯೆಂದೇ ತಿಳಿದು ಭಾವಮೈದ ತೊಲೆ ಇಳಿಸಿಬಿಟ್ಟರೆ? ಅಗಲಿಸಿದ ತೋಳು ಅಗಲಿಸಿದಂತೆಯೇ ಉಳಿಯಿತು. ಹೊಸಬರು ಮುಖ ಮುಖ ನೋಡಿಕೊಂಡರು. ಆಮೇಲೆ, ಮೊದಲ ಪಾಠ ಇದೇ ಇರಬೇಕೆಂದುಕೊಂಡು, ಒಬ್ಬೊಬ್ಬರಾಗಿ ಅವರೂ ತೋಳು ಅಗಲಿಸಿ ನಿಂತರು.