ಸೊಸೆಗಷ್ಟೇ ಕಲಿಸುವ ನೇಯ್ಗೆ

ಮಂಜುಳಾ ಲಕೋಟೆ ಹಿಡಿದುಕೊಂಡು ಹೊಸ್ತಿಲು ದಾಟಿದಾಗ ಖಾದರಬಿ ಮಗ್ಗದ ಮುಂದೆ ಕೂತು ಜಮಖಾನೆಯ ನವಿಲಿಗೆ ಕತ್ತು ನೇಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕೆಟ್ಟದ್ದಿದ್ರ ಲಗೂನ ಹೇಳಿಬಿಡ್ರಿ ಮೇಡಮ್. ಯಮನೂರಿನ ಬೀಗರಿಗೆ ಫೋನ್ ಹಚ್ಚಿ ಲಗ್ನ ಬ್ಯಾಡ ಅನ್ನಬೇಕು."

ಲಗ್ನ ಮಗಳು ದಿಲಶಾದಳದು, ಬರುವ ತಿಂಗಳು. ನಿಲ್ಲಿಸುತ್ತೇನೆಂದು ಹಟ ಹಿಡಿದವಳು ತಾಯಿ. ಎರಡು ವರ್ಷದ ಹಿಂದೆ ಖಾದರಬಿಯ ಎದೆಯಿಂದ ಕ್ಯಾನ್ಸರ್ ಗಡ್ಡೆ ತೆಗೆದಿದ್ದರು. ಧಾರವಾಡದಲ್ಲಿ ಸಂಶೋಧನೆ ಮಾಡುವ ಮಂಜುಳಾ ಅದರದೊಂದು ಚೂರನ್ನು ಕೇಳಿ ಪಡೆದು, ಅದರ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಒಂದು ತುಂಡೇ ಕಾಣೆಯಾಗಿದೆ ಎಂದಿದ್ದಳು. ಅಷ್ಟಕ್ಕೇ ಸುಮ್ಮನಿರದೆ, ಈ ಡಿಎನ್‌ಎ ಮಕ್ಕಳಿಗೆ ಬರುವುದು ತಾಯಿಯಿಂದ ಮಾತ್ರ ಎಂದೂ ಪಾಠ ಒಪ್ಪಿಸಿದ್ದಳು. ಎಲ್ಲಿ ಬಾಯಿ ಮುಚ್ಚಬೇಕೆಂಬುದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಅಂದಿನಿಂದ ಖಾದರಬಿ ಆ ದೋಷ ಮಗಳಿಗೂ ಇಳಿದಿದೆಯೆಂದೇ ನಂಬಿದ್ದಳು; ದಿಲಶಾದಳ ರಕ್ತ ಪರೀಕ್ಷಿಸಿದ ವರದಿ ಇವತ್ತಿನ ಲಕೋಟೆಯಲ್ಲಿತ್ತು.

ನವಲಗುಂದದ ಜಮಖಾನೆ ಮನೆಗಳಲ್ಲಿ ನೇಯ್ಗೆಯನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗಲ್ಲ. ಮಗಳು ಗಂಡನ ಮನೆಗೆ ಹೊರಟರೆ ಕಸುಬಿನ ಗುಟ್ಟೂ ಜೊತೆಗೆ ಹೊರಡುತ್ತದಲ್ಲ. ದಿಲಶಾದ ಹುಟ್ಟಿದಾಗಿನಿಂದ ಈ ಮಗ್ಗದ ಸುತ್ತಲೇ ಬೆಳೆದವಳು. ಕಸ ಹೊಡೆದಿದ್ದಾಳೆ, ಉಂಡೆ ಸುತ್ತಿದ್ದಾಳೆ, ನೂಲು ಬಡಿಯುವ ಕಬ್ಬಿಣದ ಪಂಜಾ ಮಾತ್ರ ಒಮ್ಮೆಯೂ ಮುಟ್ಟಿಲ್ಲ.

"ಕೊಡಬೇಕಾದ್ದು ಕೊಡಲಿಲ್ಲ, ಕೊಡಬಾರದ್ದು ಕೊಟ್ಟೆ" ಎಂದಳು ಖಾದರಬಿ. "ಗೊತ್ತಿದ್ದೂ ಇನ್ನೊಬ್ಬರ ಮನಿಗೆ ಹ್ಯಾಂಗ ಕಳಿಸ್ಲಿ?"

"ಅಮ್ಮೀ, ಮದಲ ಅವರ ಮಾತು ಕೇಳ" ಎಂದಳು ದಿಲಶಾದ. ಬದಿಗೆ ಕೂತು ಸುತ್ತುತ್ತಿದ್ದ ನೂಲಿನ ಉಂಡೆಯನ್ನು ಕೆಳಗಿಟ್ಟಳು.

ಮಂಜುಳಾ ನೆಲದಿಂದ ಒಂದು ಕೆಂಪು ನೂಲು ಆರಿಸಿ, ಎರಡೂ ತುದಿ ಸೇರಿಸಿ ಗಂಟು ಹಾಕಿದಳು. "ಆ ಡಿಎನ್‌ಎ ಹಿಂಗ ಉಂಗುರದಂಗ ಇರತೈತ್ರಿ ಚಾಚಿ. ಇದರಾಗ ಒಂದು ತುಂಡು ಕತ್ತರಿಸಿ ಒಗದು, ಮತ್ತ ಗಂಟು ಹಾಕಿದ್ರ?"

"ಉಂಗುರ ಸಣ್ಣದಾಕ್ಕೈತಿ." ನೂಲಿನ ವಿಷಯದಲ್ಲಿ ಖಾದರಬಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಅಂಥಾ ಸಣ್ಣ ಉಂಗುರ ನಿಮ್ಮ ಗಡ್ಡ್ಯಾಗ ಅಷ್ಟ ಸಿಕ್ಕಾವ್ರಿ. ಅದರ ಬಾಜೂಕಿನ ಚಲೋ ಮಾಂಸದಾಗ ಒಂದೂ ಇಲ್ಲ. ಈಕಿ ರಕ್ತದಾಗೂ ಇಲ್ಲ. ತುಂಡು ಹೋಗಿದ್ದಕ್ಕ ಕ್ಯಾನ್ಸರ್ ಬಂತೋ, ಕ್ಯಾನ್ಸರ್ ಬಂದಮ್ಯಾಲೆ ತುಂಡು ಹೋತೋ, ನಮಗೂ ಇನ್ನೂ ತಿಳಿದಿಲ್ಲ. ಎಲ್ಲಾರಂಗ ಈಕಿನೂ ತಪಾಸಣಿ ಮಾಡಿಸ್ಕೊಳ್ಳಲಿ. ಆದ್ರ ನೀವು ಮಗಳಿಗೆ ಕೊಟ್ಟದ್ದು ಇಡೀ ಉಂಗುರ."

"ಇನ್ನೊಮ್ಮೆ ಹೇಳ್ರಿ."

ಮಂಜುಳಾ ಮತ್ತೆ ಹೇಳಿದಳು. ಮೂರನೆಯ ಸಲವೂ ಹೇಳಿಸಿಕೊಂಡ ಮೇಲೆ ಖಾದರಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿದ್ದಳು, ಸಂತೋಷಕ್ಕೆ. ಆಮೇಲೆ ಹಲಗೆಯ ಮೇಲೆ ತುಸು ಸರಿದು ಕೂತು, ಪಂಜಾವನ್ನು ಮಗಳ ಕೈಗೆ ಕೊಟ್ಟಳು.

"ಕೂಡು ಬಾ. ಲಗ್ನಕ್ಕ ಇನ್ನ ತಿಂಗಳೈತಿ. ನವಿಲು, ಪಗಡಿಯಾಟದ ಹಾಸಿನಂಥಾ ಪಟ್ಟಿ, ಎರಡೂ ನಿನಗ ಬರ್ತಾವು."

ದಿಲಶಾದ ಕೂತಳು. ಅವಳ ಮೊದಲ ಸಾಲಿಗೇ ನವಿಲಿನ ಕತ್ತು ಸೊಟ್ಟಗಾಯಿತು. ಸೊಸೆಯಿಂದ ಎಷ್ಟೋ ಸಾಲು ಬಿಚ್ಚಿಸಿದ್ದ ಖಾದರಬಿ ಇದನ್ನು ಬಿಚ್ಚಿಸಲಿಲ್ಲ.

"ಅಮ್ಮೀ, ನಾ ಮಗಳು. ಓಣ್ಯಾಗಿನ ಮಂದಿ ಕೇಳಿದ್ರ ಏನ್ ಹೇಳ್ತಿ?"

ಖಾದರಬಿ ಮಂಜುಳಾ ತಂದ ಲಕೋಟೆಯೊಳಗಿನ ವರದಿಯನ್ನು ಮಡಚಿ ಮಗ್ಗದ ಕಂಬಕ್ಕೆ ಸಿಕ್ಕಿಸಿದಳು.

"ನಾ ನಿನಗ ಕೊಟ್ಟದ್ದರಾಗ ಒಂದೆಳಿನೂ ಕಮ್ಮಿ ಇಲ್ಲಂತ ಇದರಾಗ ಬರದಾರ. ಅದು ಸುಳ್ಳಾಗಬಾರದು ಅಂತೇನಿ."