ಪ್ರಮಿಳಾ ಬಿಡಿಸಿದ ಬುಟ್ಟಿ

ನಮ್ಮ ಕಾಲದ ಚಿತ್ರಗಳಿಂದ ವಾಸನೆ ಬರುತ್ತದೆ, ಆದರೆ ಬಿಡಿಸಿದವರು ಸ್ವತಃ ಒಡನಾಡಿದ ವಸ್ತುವಿನ ಚಿತ್ರವಾದರೆ ಮಾತ್ರ. ಹಾಗಾಗಿ ಡ್ರಾಯಿಂಗ್ ಕಲಿಸುವ ವಿನೋದಾ ಟೀಚರ್ ನಮ್ಮ ಹಾಳೆಗಳನ್ನು ಮೂಸಿಯೇ ಅಂಕ ಕೊಡುತ್ತಾರೆ. ಇವತ್ತು ನಾನು ಪುಸ್ತಕ ನೋಡಿ ಬಿಡಿಸಿದ ಗುಲಾಬಿ ಬರೀ ಕಾಗದದ ವಾಸನೆ ಹೊಡೆಯಿತು. ಪಕ್ಕದಲ್ಲಿ ಪ್ರಮಿಳಾ ತನ್ನ ಹಾಳೆಯನ್ನು ಲಂಗದಡಿ ಮುಚ್ಚಿಕೊಂಡಿದ್ದಳು.

"ಎಂತಕ್ಕೆ ಮಾರಾಯ್ತಿ ಅಡಗಿಸ್ತೀ?" ಎಂದರು ಟೀಚರ್.

"ಅಮ್ಮನ ಮೀನಿನ ಬುಟ್ಟಿ ಟೀಚರ್. ಎಲ್ಲರೂ ಮೂಗು ಮುಚ್ಚಿಕೊಳ್ತಾರೆ."

ಟೀಚರ್ ಅದನ್ನು ಈಸಿಕೊಂಡು ಕಣ್ಣು ಮುಚ್ಚಿ ಮೂಸಿದರು. "ಬಂಗುಡೆ! ಬೆಳಿಗ್ಗೆ ದೋಣಿಯಿಂದ ಇಳಿದದ್ದು, ಅಲ್ವಾ? ಇಷ್ಟು ವರ್ಷದಲ್ಲಿ ಇಂಥ ಚಿತ್ರ ನಾನು ಮೂಸಿಲ್ಲ."

ಅವರು ಅದನ್ನು ಗೋಡೆಗೆ ಅಂಟಿಸಿದರು. ನಾವು ಮೂಗು ಮುಚ್ಚಿ ನಗುವಷ್ಟರಲ್ಲಿ ಕಿಟಕಿಯಿಂದ ಬೆಕ್ಕೊಂದು ಹಾರಿ ಬಂತು. ನನ್ನ ಗುಲಾಬಿಯನ್ನು ತುಳಿದುಕೊಂಡು ಹೋಗಿ, ಆ ಬುಟ್ಟಿಯ ಕೆಳಗೆ ಕೂತು, ಮೀನಿಗಾಗಿ ಕೂಗತೊಡಗಿತು.