ಹೊನ್ನಮರಡಿಯ ಐದು ಕಾಳು

ಐದನೆಯ ಕಾಳನ್ನೂ ತಿಪ್ಪೇಶ ಹೆಬ್ಬೆರಳಿನಿಂದ ಮರಳು ತೊಳೆಯುವ ಮರಿಗೆಯ ಅಂಚು ದಾಟಿಸಿ ನೀರಿಗೆ ಬಿಟ್ಟ. ಸಾಸಿವೆಗಿಂತ ಸಣ್ಣ ಬಂಗಾರ. ಹೊಂಡದ ಕೆಸರಿನಲ್ಲಿ ಮಿನುಗಿ ಮುಳುಗಿತು.

"ಎಷ್ಟು ಬಂತೋ?" ಕೊಡೆಯ ನೆರಳಿನಿಂದ ಕೇಳಿದ ಗಣಿ ಕಂಪನಿಯ ಸರ್ವೆಯ ರಂಗನಾಥ್. ಜಗಳೂರಿನವನು.

"ಏನೂ ಇಲ್ರೀ. ಬರೀ ಕರೇ ಮರಳು."

"ಸರಿಯಾಗಿ ನೋಡಿದೆಯಾ?"

"ನಮ್ಮ ಮುತ್ತಾತನ ಕಾಲದಿಂದ ತೊಳೀತಿರೋ ಕೈ ಇದು. ನಂಬಿಕೆ ಇಲ್ಲಾಂದ್ರೆ ಪ್ಯಾಂಟ್ ಮಡಚ್ಕೊಂಡು ನೀವೇ ಇಳೀರಿ."

ರಂಗನಾಥ್ ನಗಲಿಲ್ಲ. ಪುಸ್ತಕದಲ್ಲಿ ಏನೋ ಗೀಚಿದ.

ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ಬಸ್ಸಿನಿಂದ ಕಾಣುವ ದಿಬ್ಬವೇ ಹೊನ್ನಮರಡಿ. ಎಂದೋ ಸತ್ತ ಹೊಳೆಯೊಂದು ಅಲ್ಲಿ ಹರಿದಿತ್ತಂತೆ. ಎಲ್ಲಿ ಅಗೆದರೂ ನುಣ್ಣನೆಯ ಗುಂಡುಕಲ್ಲು. ಆ ಕಲ್ಲುಗಳ ಮೇಲೆ ತಿಪ್ಪೇಶನದೂ ಸೇರಿ ಮೂವತ್ತೆರಡು ಮನೆ. ಬಂಗಾರ ಸಿಕ್ಕರೆ ಕಂಪನಿ ಮನೆಗಳನ್ನು ಕೆಡವಿ ದಿಬ್ಬ ಬಗೆಯುತ್ತದೆ. ಸಿಗದಿದ್ದರೆ ಡೇರೆ ಕಿತ್ತು ಹೋಗುತ್ತದೆ. ಒಟ್ಟು ಹನ್ನೆರಡು ಗುಂಡಿ ಪರೀಕ್ಷೆ.

ತಿಪ್ಪೇಶ ಜಾಲಗಾರರ ಹುಡುಗ. ಹೊಳೆಮರಳು ತೊಳೆದು ಬಂಗಾರ ತೆಗೆಯುವುದು ಅವರ ಕುಲದ ಕಸುಬು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಬರುತ್ತಿದ್ದ ವಿದ್ಯೆ ಅದೊಂದೇ. ಕಂಪನಿ ಕರೆದಾಗ ಹಲ್ಲು ಕಚ್ಚಿಕೊಂಡು ಒಪ್ಪಿದ. ತೊಳೆಯುವವನು ತಾನಾದರೆ ಚೆಲ್ಲುವವನೂ ತಾನೇ.

ಮಣ್ಣಿನ ಚೀಲಗಳಿಗೆ ರಂಗನಾಥ್ ತಾನೇ ದಾರ ಕಟ್ಟುತ್ತಿದ್ದ, ಇನ್ನೊಬ್ಬರನ್ನು ಮುಟ್ಟಗೊಡುತ್ತಿರಲಿಲ್ಲ. ಪ್ರತಿ ಗುಂಡಿಯ ಚೀಲದಲ್ಲೂ ಐದು ಕಾಳು. ತಪ್ಪದೆ ಐದು. ಇಂಥ ಮಣ್ಣಿನ ಮೇಲೆ ಹುಟ್ಟಿದ್ದೇ ಪಾಪ ಎಂದು ತಿಪ್ಪೇಶ ಉಗಿದ.

ಒಂದು ದಿನ ಒಂದು ಕಾಳನ್ನು ಉಗುರಿನಲ್ಲಿ ಮರೆಸಿ ತಂದು ಅಜ್ಜಿ ಅಜ್ಜಮ್ಮನಿಗೆ ಕೊಟ್ಟು, ದಿನಾ ಐದೇ ಸಿಗುವುದನ್ನೂ ಹೇಳಿದ. ಕಣ್ಣು ಹೋದ ಮುದುಕಿ ಅದನ್ನು ನಾಲಿಗೆಯ ತುದಿಯಲ್ಲಿ ಹೊರಳಿಸಿದಳು.

"ಚುಚ್ಚತೈತಲ್ಲೋ! ಹೊಳೆ ಉರುಳಿಸಿದ್ದು ಹಿಂಗೆ ಚುಚ್ಚಲ್ಲ. ಅದೂ ದಿನಾ ಐದೇ? ಎಣಿಸಿ ಕೊಡಾಕೆ ಹೊಳೆ ಏನು ರೇಷನ್ ಅಂಗಡಿನಾ?"

"ಸುಮ್ನಿರಜ್ಜಿ! ಊರೇ ಮುಳುಗಾಕೆ ಹತ್ತೈತೆ, ನಿಂಗೆ ಬಂಗಾರದ ರುಚಿ ಬೇಕಾಗೈತೆ."

ಹನ್ನೆರಡನೆಯ ಗುಂಡಿಯೂ ಮುಗಿಯಿತು. "ಏನೂ ಇಲ್ರೀ," ಎಂದು ಮರಿಗೆ ಬೋರಲು ಹಾಕಿದ ತಿಪ್ಪೇಶ.

ಅದಾದ ಮೂರನೆಯ ದಿನವೂ ಕಂಪನಿಯ ಡೇರೆ ಅಲ್ಲೇ ಇತ್ತು. ಪಕ್ಕದಲ್ಲಿ ನಾಲ್ಕು ಹಳದಿ ಜೆಸಿಬಿ. ಮೂವತ್ತೆರಡು ಬಾಗಿಲಿಗೂ ನೋಟಿಸು.

ತಿಪ್ಪೇಶ ರಂಗನಾಥನ ಕಾಲರ್ ಹಿಡಿದ. "ಹನ್ನೆರಡು ಸಲ ಇಲ್ಲಾ ಅಂದೆನಲ್ಲೋ! ಕಿವಿ ಸತ್ತಿದ್ವಾ?"

ರಂಗನಾಥ್ ಬಿಡಿಸಿಕೊಳ್ಳಲಿಲ್ಲ. ಜೇಬಿನಿಂದ ಪುಟ್ಟ ಗಾಜಿನ ಶೀಶೆ ತೆಗೆದು ಅಲ್ಲಾಡಿಸಿದ. ಒಳಗೆ ಅಕ್ಕಸಾಲಿಗ ಅರದಿಂದ ಉಜ್ಜಿ ತೆಗೆದ ಬಂಗಾರದ ಚೂಪು ಕಾಳುಗಳು ಮಿನುಗಿದವು.

"ತೊಳೆಯೋ ಕೈ ಹೆಂಗೈತೆ ಅಂತ ನೋಡಾಕೆ ಪ್ರತಿ ಚೀಲಕ್ಕೂ ಐದು ಕಾಳು ನಾನೇ ಹಾಕಿದ್ದೆ ಕಣಪ್ಪ. ಒಂದಾದ್ರೂ ನಿನ್ನ ಕೈಗೆ ಸಿಕ್ತಾ? ಹಾಕಿದ್ದನ್ನೇ ಕಾಣದವನು ಇಲ್ಲಾ ಅಂದ್ರೆ ಕಂಪನಿ ಹೆಂಗೆ ನಂಬತೈತೆ? ಪೂರ್ತಿ ಬಗೆದೇ ನೋಡ್ತೀವಿ ಅಂದ್ರು. ಈಗ ಯಾರ ಮಾತೂ ನಡೆಯಲ್ಲ. ಐದಕ್ಕೆ ಐದು ವಾಪಸ್ ಬಂದು ಆರನೇದು ಬರದಿದ್ರೆ, ಮಣ್ಣು ಬರಿದು ಅಂತ ಬರೆದು ಅವತ್ತೇ ಗಂಟು ಕಟ್ತಿದ್ದೆ."

ತಿಪ್ಪೇಶ ಕಾಲರ್ ಬಿಟ್ಟ.

ಹನ್ನೆರಡು ಗುಂಡಿಗಳಲ್ಲಿ ಆರನೆಯ ಕಾಳನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.